ಮಾನ್ವಿಯ ಸಿಸ್ಟಮ್ ಅಣ್ಣ

ಮಾನ್ವಿ ಬಸ್‌ಸ್ಟ್ಯಾಂಡಿನ ಹತ್ತಿರ ರೀಚಾರ್ಜು, ಜೆರಾಕ್ಸು, ಮೊಬೈಲ್ ಕವರು ಎಲ್ಲವನ್ನೂ ಒಂದೇ ಬೋರ್ಡಿನ ಕೆಳಗೆ ನಡೆಸುವವನಿಗೆ ಸುತ್ತಿನ ಹಳ್ಳಿಗಳು ಇಟ್ಟ ಹೆಸರು ಸಿಸ್ಟಮ್ ಅಣ್ಣ. ಇಂಥವನು ದೇವದುರ್ಗದಲ್ಲೂ ಒಬ್ಬ ಇರುತ್ತಾನೆ, ಸಿರವಾರದಲ್ಲೂ ಒಬ್ಬ ಇರುತ್ತಾನೆ. ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡಿದರೆ ಏನಾಯಿತೆಂದು ಕೇಳುವವನಲ್ಲ. “ರ‍್ಯಾಮ್ ಕಮ್ಮಿ ಐತ್ರಿ” ಅಂದುಬಿಡುತ್ತಾನೆ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ಅದೇ ರೋಗ, ಅದೇ ಮದ್ದು.

ಚೀಕಲಪರ್ವಿಯ ನಿವೃತ್ತ ಮಾಸ್ತರರ ಮನೆಯ ಮಟ್ಟಿಗೆ ಮಾತ್ರ ಅವನು ಹೇಳಿದ್ದು ಖರೆ ಇತ್ತು. ತುಂಗಭದ್ರೆಯ ದಂಡೆಯ ಈ ಊರು ವಿಜಯದಾಸರದು. 1682ರಲ್ಲಿ ಇಲ್ಲಿ ಹುಟ್ಟಿದ ದಾಸರು 25,000 ಪದ, ಸುಳಾದಿಗಳನ್ನು ರಚಿಸಿದರೆಂದು ಪ್ರತೀತಿ. ಅದರಲ್ಲಿ ಒಂದಿಷ್ಟನ್ನು ಮಾಸ್ತರರು ಭಜನಾ ಮಂಡಳಿಗೆಂದು ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಮಂಡಳಿಯ ಅಜ್ಜಿಯರು ಪುಸ್ತಕ ನೋಡದೆ ಹಾಡಿ ಮಂಗಳಾರತಿ ಮುಗಿಸಿದರೂ ಮಾಸ್ತರರ 1 ಜಿಬಿ ಯಂತ್ರದಲ್ಲಿ ಆ ಫೈಲು ಇನ್ನೂ ತೆರೆಯುತ್ತಲೇ ಇರುತ್ತಿತ್ತು.

ಅಣ್ಣ ಬಂದ. ಸಿಪಿಯು ಡಬ್ಬಿಯ ಮಗ್ಗುಲು ಬಿಚ್ಚಿದ. ಒಳಗೆ ಧೂಳು, ಹತ್ತಿಯ ಎಳೆ, ಹಲ್ಲಿಯ ಮೊಟ್ಟೆಯ ಸಿಪ್ಪೆ. ತಂದಿದ್ದ ರ‍್ಯಾಮ್ ಕೂರಲಿಲ್ಲ.

ಕೂರುವುದು ಹೇಗೆ? ಬೋರ್ಡು ಡಿಡಿಆರ್2ರದು, ಅವನ ಕೈಯಲ್ಲಿದ್ದದ್ದು ಡಿಡಿಆರ್3. ಎರಡಕ್ಕೂ 240 ಪಿನ್ನೇ, ಉದ್ದವೂ ಒಂದೇ, ನಡುವಿನ ಕಚ್ಚು ಮಾತ್ರ ತುಸು ಆಚೀಚೆ. ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5. ಅದಲುಬದಲು ಆಗಬಾರದೆಂದೇ ಆ ಕಚ್ಚನ್ನು ಸರಿಸಿಟ್ಟಿರುವುದು. ಅಣ್ಣ ಅದನ್ನು ಸವಾಲೆಂದು ತಗೊಂಡು ಹೆಬ್ಬೆರಳಿಂದ ಒತ್ತಿದ.

“ತಮ್ಮಾ, ಬೋರ್ಡ್ ಬಗ್ಗಾಕತ್ತೈತಲ್ಲೋ.”

“ಹೊಸಾದು ಬಿಗಿ ಇರ್ತೈತ್ರಿ ಸರ.”

ಮರುದಿನ ಡಿಡಿಆರ್2 ಬಂತು, 2 ಜಿಬಿಯವು ಎರಡು. ಹೊಸದು ಈಗ ಎಲ್ಲಿ ಸಿಗಬೇಕು? ಬಾಗಿಲು ಹಾಕಿದ ಯಾವುದೋ ಸೈಬರ್ ಕೆಫೆಯಿಂದ ಕಿತ್ತದ್ದು. ಸಲೀಸಾಗಿ ಕೂತವು. ಬಟನ್ ಒತ್ತಿದರೆ ಪರದೆ ಕಪ್ಪು. ಒಳಗಿನಿಂದ ಬೀಪ್, ಬೀಪ್. ಪರದೆ ಬೆಳಗುವ ಮೊದಲೇ ರ‍್ಯಾಮ್ ಸಿಗದಿದ್ದರೆ ಬಯಾಸ್ ದೂರು ಹೇಳುವುದು ಹೀಗೆಯೇ. ಅಣ್ಣನ ತೀರ್ಪು: “ಸ್ಪೀಕರ್ ಹೋಗೈತ್ರಿ.”

ಇಷ್ಟಾದರೂ ಅವನನ್ನು ದಡ್ಡನೆನ್ನುವಂತಿಲ್ಲ. ಅವನ ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿಲ್ಲ, ಅಷ್ಟೆ. ಮಾಸ್ತರರ ಮೊಮ್ಮಗಳ ಕಂಪಾಸಿನಿಂದ ರಬ್ಬರ್ ಇಸಕೊಂಡ. ರ‍್ಯಾಮಿನ ಬಂಗಾರದ ಬಣ್ಣದ ಹಲ್ಲುಗಳನ್ನು ಹಗುರಾಗಿ ಉಜ್ಜಿ ಪುಡಿ ಊದಿದ, ಸ್ಲಾಟಿನ ಧೂಳನ್ನು ಬ್ರಷ್‌ನಿಂದ ತೆಗೆದ. ಆಮೇಲೆ ಎರಡನ್ನೂ ಒಟ್ಟಿಗೆ ಹಾಕದೆ ಒಂದನ್ನೇ ಹಾಕಿ ನೋಡಿದ, ಸ್ಲಾಟ್ ಬದಲಿಸಿದ, ಇನ್ನೊಂದನ್ನು ಹಾಕಿ ನೋಡಿದ. ಕಲಿತ ಎಂಜಿನಿಯರ್ ಬಂದಿದ್ದರೂ ಬೇರೆ ದಾರಿ ಹಿಡಿಯುತ್ತಿರಲಿಲ್ಲ. ನಡುವೆ ಕರೆಂಟು ಹೋಯಿತು. ಶಕ್ತಿನಗರದ ಥರ್ಮಲ್ ಇರುವುದು ಇದೇ ರಾಯಚೂರು ಜಿಲ್ಲೆಯಲ್ಲಿ ಎಂಬುದನ್ನು ಯಾರೂ ನೆನಪಿಸಲಿಲ್ಲ. ಎಲ್ಲರೂ ಚಹಾ ಕುಡಿದರು.

ಕರೆಂಟು ಬಂದ ಮೇಲೆ ವಿಂಡೋಸ್ ಎಕ್ಸ್‌ಪಿ ತೆರೆಯಿತು. ತಯಾರಿಸಿದವರೇ 2014ರ ಏಪ್ರಿಲ್ 8ಕ್ಕೆ ಕೈಬಿಟ್ಟ ಎಕ್ಸ್‌ಪಿಯನ್ನು ಮಾಸ್ತರರು ಬಿಟ್ಟಿಲ್ಲ. ಅವರು ಕನ್ನಡಕ ಏರಿಸಿ ಲೆಕ್ಕ ನೋಡಿದರು: 3.25 ಜಿಬಿ.

“ಎರಡು ಎರಡ್ಲೆ ನಾಕು. ಉಳಿದ ಮುಕ್ಕಾಲು ಎಲ್ಲಿಗ್ಹೋತು?”

32 ಬಿಟ್‌ನ ಎಕ್ಸ್‌ಪಿ 4 ಜಿಬಿಯಷ್ಟು ವಿಳಾಸಗಳನ್ನಷ್ಟೇ ಎಣಿಸಬಲ್ಲದು. ಗ್ರಾಫಿಕ್ಸ್ ಮುಂತಾದ ಭಾಗಗಳಿಗೂ ಅದರಲ್ಲೇ ಮನೆ ನಂಬರು ಕೊಡಬೇಕು, ಮಿಕ್ಕಿದ್ದು ರ‍್ಯಾಮಿಗೆ. ಇಷ್ಟು ಅಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಅವನಿಗೆ ಗೊತ್ತಿಲ್ಲ.

“ಅದು ಕಂಪನಿಯವರ ಕಮಿಷನ್ರಿ ಸರ. ಎಲ್ಲಾರ ಕಡೀಗೂ ಹಿಡಕೊಂತಾರ.”

ಮಾಸ್ತರರು ಪಾಕೀಟು ತೆಗೆದು ಅಣ್ಣ ಹೇಳಿದ ರೊಕ್ಕ ಎಣಿಸಿದರು. ಐದರಲ್ಲೊಂದು ಪಾಲು ನೋಟು ತಿರುಗಿ ಜೇಬಿಗಿಟ್ಟು, “ತಗೋ ತಮ್ಮಾ, ನಂದೂ ಕಮಿಷನ್ ಹಿಡಕೊಂಡೀನಿ” ಅಂದರು.