ಭಾವನವರ ಸ್ಟಾರ್ಟರ್ ಪುರಾಣ

ಅಂಬಾಸಡರ್ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ನಮ್ಮ ಭಾವನವರ ಅಂಬಾಸಡರ್ ನಿಲ್ಲಲು ಶುರುಮಾಡಿದ್ದು ಅದಕ್ಕೂ ಮೊದಲೇ. ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಅಷ್ಟೇ.

“ಕಾರ್ಬನ್ ಬ್ರಷ್ ಸವೆದಿದೆ. ಇದಕ್ಕೂ ಅಂಗಡಿಯವನಿಗೆ ದುಡ್ಡು ಸುರೀಬೇಕಾ?” ಎಂದು ಪಡಸಾಲೆಯಲ್ಲಿ ಪೇಪರ್ ಹಾಸಿ ಸ್ಟಾರ್ಟರ್ ಬಿಚ್ಚಿದರು. ಸ್ಪ್ರಿಂಗೊಂದು ಚಿಮ್ಮಿ ಸಾರಿನ ಪಾತ್ರೆಯ ದಿಕ್ಕು ಹಿಡಿಯಿತು. ಅಕ್ಕ ಬಾಯಿ ಬಿಡಲಿಲ್ಲ, ಸೌಟು ಮಾತ್ರ ಜೋರಾಗಿ ಸದ್ದು ಮಾಡಿತು.

ಬ್ರಷ್, ಬುಷ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ, ಒಪ್ಪಿದೆ. ಆದರೆ ಆರ್ಮೇಚರ್ ಸುಟ್ಟಿದೆಯೇ ಎಂದು ಪರೀಕ್ಷಿಸಲು, ಕಮ್ಯುಟೇಟರನ್ನು ಲೇತಿಗೆ ಕೊಡಲು ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಅಲ್ಲಿನ ಮೇಸ್ತ್ರಿ ಚೀಲದೊಳಗೆ ಇಣುಕಿ ಕೇಳಿದ: “ನೀವೇ ಬಿಚ್ಚಿದ್ರಾ ಸಾರ್? ಹಾಗಾದ್ರೆ ಸ್ವಲ್ಪ ಜಾಸ್ತಿ ಆಗುತ್ತೆ.”