ಪೂಜೆ ಮುಗಿದ ಮೇಲಿನ ಊಟ

ಇಟಲಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿಗೆ ಬಂದ ಪರದೇಶದವರನ್ನು ಮನೆಯೂಟಕ್ಕೆ ಕರೆಯುವುದುಂಟು. ನೇಪಲ್ಸ್ ಕಡೆ ಟೊಮೆಟೊ-ಮಾಂಸದ ರಾಗು ಬೆಳಗಿನಿಂದಲೇ ಸಣ್ಣ ಉರಿಯಲ್ಲಿ ಕುದಿಯುತ್ತಿರುತ್ತದೆ. ಪಾದ್ರಿಗಳ ಪ್ರಸಂಗ ಎಷ್ಟು ಉದ್ದವಾದರೂ ಅದಕ್ಕೆ ಬಾಧಕವಿಲ್ಲ.

ಮೊದಲು ಆಲಿವ್, ಚೀಸ್, ಉಪ್ಪಿನಲ್ಲಿ ಹದಗೊಳಿಸಿದ ಹಂದಿಮಾಂಸದ ತೆಳು ಹೋಳುಗಳ ಆಂಟಿಪಾಸ್ತೊ. ಆಮೇಲೆ ಪಾಸ್ತಾ. ಹೊಸಬರು ಎಡವುವುದು ಇಲ್ಲೇ. ಇದೇ ಊಟವೆಂದು ಎರಡೆರಡು ಸಲ ಬಡಿಸಿಕೊಂಡು ತೇಗುವ ಹೊತ್ತಿಗೆ ಮುಂದಿನ ಸುತ್ತಾದ ಮಾಂಸದ ‘ಸೆಕೊಂದೊ’ ಅಡುಗೆಮನೆಯಿಂದ ಹೊರಟಿರುತ್ತದೆ, ಜೊತೆಗೆ ತರಕಾರಿ. ಸಾಕು ಎಂದರೆ ಅಡುಗೆ ಹಿಡಿಸಲಿಲ್ಲವೆಂದೇ ಮನೆಯ ಅಜ್ಜಿಯ ಅರ್ಥ. ಬೇಡವೆಂಬ ಕೈಸನ್ನೆ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ.

ಸ್ಪ್ಯಾಗೆಟಿಯನ್ನು ಚಾಕುವಿನಿಂದ ಕತ್ತರಿಸುವುದು, ಮೀನಿನ ಪಾಸ್ತಾದ ಮೇಲೆ ಚೀಸ್ ಉದುರಿಸುವುದು ಪಾಪಗಳ ಪಟ್ಟಿಯಲ್ಲಿಲ್ಲ, ನಿಜ. ಮೇಜಿನ ಸುತ್ತಲಿನ ಮುಖಗಳು ಹಾಗೆ ಹೇಳುವುದಿಲ್ಲ. ತಟ್ಟೆಗೆ ಅಂಟಿದ ಸಾಸನ್ನು ಬ್ರೆಡ್ಡಿನಿಂದ ಬಳಿದು ತಿಂದರೆ ಶಿಷ್ಟಾಚಾರದ ಪಂಡಿತರು ಮುನಿಯಬಹುದು, ಅಡುಗೆ ಮಾಡಿದವರು ಹಿಗ್ಗುತ್ತಾರೆ.

ಹಣ್ಣು, ಸಿಹಿ ಮುಗಿದ ಮೇಲೆ ಕಾಫಿ, ಅದೂ ಎರಡು ಗುಟುಕಿನ ಎಸ್ಪ್ರೆಸೊ. ಆಗ ಹಾಲಿನ ನೊರೆಯ ಕಪುಚಿನೊ ಕೇಳಿದರೆ, ಇಷ್ಟೆಲ್ಲ ಬಲವಂತದಿಂದ ತಿನ್ನಿಸಿದ ಮನೆಯವರಿಗೇ ಅತಿಥಿಯ ಜೀರ್ಣಶಕ್ತಿಯ ಚಿಂತೆ ಹತ್ತುತ್ತದೆ.