ಚಿಲ್ಲರೆ ಧೈರ್ಯ

ಸುರತ್ಕಲ್ಲಿನಲ್ಲಿ ಧೈರ್ಯಕ್ಕೆ ಬರಗಾಲವಿಲ್ಲ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಹಲಗೆಯೊಂದನ್ನೇ ನಂಬಿ ಅಲೆಯ ನೆತ್ತಿಯ ಮೇಲೆ ನಿಂತವರನ್ನು ಕಣ್ಣಾರೆ ಕಂಡದ್ದುಂಟು. ಎನ್‌ಐಟಿಕೆ ಬೀಚಿನ ದೀಪಸ್ತಂಭ 1972ರಿಂದ ಒಂಟಿಯಾಗಿ ನಿಂತು ಆಟಿಯ ಗಾಳಿಮಳೆ ತಿನ್ನುತ್ತಿದೆ. ಹೊಸಬೆಟ್ಟಿನಲ್ಲಿ ಅಜ್ಜಿಯಂದಿರು ಒಂದು ಕೈ ಎತ್ತಿ ಗ್ಯಾಸ್ ಟ್ಯಾಂಕರನ್ನೇ ನಿಲ್ಲಿಸಿ ಹೆದ್ದಾರಿ ದಾಟುತ್ತಾರೆ. ಇವರಿಗೆಲ್ಲ ಹಂಚಿ ಮಿಕ್ಕಿದ ಪುಡಿಯಲ್ಲಿ ನನಗೆ ಪಾಲು ಸಿಕ್ಕಿರಬೇಕು.

ನನ್ನ ಹೆದರಿಕೆ ಹುಲಿ, ಹಾವುಗಳದ್ದಲ್ಲ. ಸಿಟಿ ಬಸ್ಸಿನಲ್ಲಿ ಚಿಲ್ಲರೆ ಕೇಳುವುದರದ್ದು. ನೂರರ ನೋಟು ಕೊಟ್ಟಾಗ ಕಂಡಕ್ಟರ್ "ಇಳಿಯುವಾಗ ಕೊಡ್ತೇನೆ" ಎಂದು ಮುಂದೆ ಹೋಗುತ್ತಾನೆ. ಅಲ್ಲಿಂದ ನನ್ನ ತಾಲೀಮು ಶುರು. ಕುಳಾಯಿ ದಾಟುವಾಗ ಕೇಳಿಯೇಬಿಡುವುದೆಂದು ನಿರ್ಧಾರ. ಪಣಂಬೂರಿನಲ್ಲಿ ರಶ್ಶು, ಪಾಪ, ಅವನಿಗೂ ಕೆಲಸ ಉಂಟಲ್ಲ. ಕೂಳೂರು ಸೇತುವೆಯ ಮೇಲೆ ವಾಕ್ಯರಚನೆ: "ಸ್ವಲ್ಪ ನೋಡ್ತೀರಾ" ಎನ್ನುವುದೋ, "ಚಿಲ್ಲರೆ ಉಂಟಾ" ಎನ್ನುವುದೋ? ಕೊಟ್ಟಾರ ಚೌಕಿಗೆ ಬರುವಾಗ ವಾಕ್ಯ ಸಿದ್ಧ, ಕಂಡಕ್ಟರ್ ಮಾತ್ರ ಮುಂದಿನ ಬಾಗಿಲಲ್ಲಿ ನೇತಾಡುತ್ತಿರುತ್ತಾನೆ.

ಒಂದು ಸಲ ಹಿಂದಿನ ಸೀಟಿನಲ್ಲಿದ್ದ ಮೀನು ಮಾರುವ ಹೆಂಗಸೊಬ್ಬರು ಇದನ್ನೆಲ್ಲ ನೋಡಿ ಬೇಸತ್ತರು. "ಓ ಕಂಡಕ್ಟರೇ, ಆ ಮಾಸ್ಟ್ರ ಚಿಲ್ಲರೆ ಕೊಡಿ ಮಾರಾಯ್ರೆ. ಆಗಿನಿಂದ ಗಂಟಲು ಸರಿ ಮಾಡಿಕೊಳ್ತಾ ಇದ್ದಾರೆ!" ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನಾನು ಮಾಸ್ಟ್ರಲ್ಲ, ಕನ್ನಡಕ ಹಾಕಿದವರೆಲ್ಲ ಅವರ ಲೆಕ್ಕದಲ್ಲಿ ಮಾಸ್ಟ್ರು. ಅದನ್ನು ತಿದ್ದಲಿಕ್ಕೂ ಬೇರೆ ಧೈರ್ಯ ಬೇಕು. ಚಿಲ್ಲರೆ ಅಂತೂ ಬಂತು. ಇಳಿಯುವಾಗ ಥ್ಯಾಂಕ್ಸ್ ಹೇಳಿದರೆ, "ನಿಮ್ಮದೇ ದುಡ್ಡಲ್ವಾ, ಎಂತದ್ದಕ್ಕೆ ನಾಚಿಕೆ?" ಎಂದು ಬೈದರು.

ನಮ್ಮದೇ ದುಡ್ಡನ್ನು ನಾಚದೆ ಕೇಳುವ ವಿದ್ಯೆಯನ್ನು ಇಡೀ ಊರು ಕಲಿತದ್ದು ಟೋಲ್‌ಗೇಟಿನ ಎದುರು. ಮುಲ್ಕಿಯ ಹೊಳೆ ದಾಟಿದ ಕೂಡಲೇ ಹೆಜಮಾಡಿಯಲ್ಲೊಂದು ಟೋಲ್ ಇದ್ದೂ ಎನ್‌ಐಟಿಕೆ ಹತ್ತಿರ ಇನ್ನೊಂದು ಇತ್ತು. ಎರಡು ಟೋಲ್‌ಗಳ ನಡುವೆ 60 ಕಿಲೋಮೀಟರ್ ಅಂತರ ಬೇಕೆಂಬ ನಿಯಮವನ್ನು ಆ ದಿನಗಳಲ್ಲಿ ಚಹಾದಂಗಡಿಯ ಹುಡುಗನೂ ಬಾಯಿಪಾಠ ಹೇಳುತ್ತಿದ್ದ. 2022ರ ಅಕ್ಟೋಬರ್ 18ರಂದು ಜನ ಗೇಟಿಗೇ ನುಗ್ಗಿದರು, ಪೊಲೀಸರು ಎತ್ತಿಕೊಂಡು ಹೋದರು. ಅದಲ್ಲ ನನಗೆ ದೊಡ್ಡದಾಗಿ ಕಂಡದ್ದು. 28ರಿಂದ ಹಗಲು ರಾತ್ರಿ ಧರಣಿ ಶುರುವಾಯಿತಲ್ಲ, ಅದು. ಘೋಷಣೆ ಕೂಗಲು ಒಂದು ದಿನದ ಆವೇಶ ಸಾಕು. ಮರುದಿನ ಮನೆಯ ಕೆಲಸ ಮುಗಿಸಿ ಮತ್ತೆ ಅದೇ ಶಾಮಿಯಾನದಡಿ ಬಂದು ಕೂರುವುದಕ್ಕೆ ಆವೇಶದಿಂದ ಪ್ರಯೋಜನವಿಲ್ಲ.

ನಾನೂ ಹೋಗಿದ್ದೆ. ನನ್ನದು ಸ್ಕೂಟರು, ಅದಕ್ಕೆ ಟೋಲೇ ಇಲ್ಲ. ಆದರೂ ಕೊನೆಯ ಸಾಲಿನಲ್ಲಿ, ಬೇಕಾದರೆ ದಾರಿಹೋಕನೆಂದು ಹೇಳಿಕೊಳ್ಳಬಹುದಾದಷ್ಟು ದೂರದಲ್ಲಿ ನಿಂತೆ. ನನ್ನ ಘೋಷಣೆ ಪಕ್ಕದವರಿಗೂ ಕೇಳಿಸಿರಲಿಕ್ಕಿಲ್ಲ. ಡಿಸೆಂಬರ್ 1ಕ್ಕೆ ಸುಂಕ ವಸೂಲಿ ನಿಂತಿತು. ಆ ಗೆಲುವಿನಲ್ಲಿ ನನ್ನ ಪಾಲೆಷ್ಟು ಎಂದು ಮನೆಯವಳು ಕೇಳಿದಳು. ಲೆಕ್ಕ ಹಾಕುತ್ತಿದ್ದೇನೆ ಎಂದೆ.

ಹೆದರಿಕೆ ಹೋಯಿತೆಂದೇನೂ ಅಲ್ಲ. ಹೆದರಿಕೆ ಇದ್ದಲ್ಲೇ ಇದೆ, ಅದರ ಪಕ್ಕದಲ್ಲೇ ಒಂದು ಸ್ಟೂಲು ಹಾಕಿ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದ ಮೊದಲು ಹಂಚು ಸರಿಮಾಡಲೆಂದು ಕೊಂಡುಹೋದ ನನ್ನ ಏಣಿ ಪಕ್ಕದ ಮನೆಯವರ ಗೋಡೆಗೇ ಒರಗಿ ಇನ್ನೊಂದು ಮಳೆಗಾಲ ಕಾಯುತ್ತಿತ್ತು. ನಿನ್ನೆ ಅವರ ಗೇಟಿನವರೆಗೆ ಹೋಗಿ ಚಿಲಕ ಮುಟ್ಟಿದ್ದೆ ಅಷ್ಟೇ, ಅವರೇ ಹೊರಗೆ ಬಂದರು.

"ಎಂತ, ವಾಕಿಂಗಾ?"

"ಅಲ್ಲ," ಎಂದೆ. ಗಂಟಲು ಸರಿ ಮಾಡಿಕೊಳ್ಳಲಿಲ್ಲ. "ಏಣಿ."

"ಓ, ಅದಾ! ನಾಳೆ ಕೊಡ್ತೇನೆ."

"ಎಷ್ಟು ಗಂಟೆಗೆ?"